ಮನೆಮನೆಯ ಮನಸ್ಸಿನ ಎಣಿಕೆ

ತ್ರಿವೇಣಿಯವರ ‘ಶರಪಂಜರ’ವನ್ನು ಓದದ ಕನ್ನಡ ವಾಚಕರು ವಿರಳ. ಓದದವರೂ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದ ಬಗೆಯನ್ನಾದರೂ ಬಲ್ಲರು. ಬಾಣಂತನದಲ್ಲಿ ಬುದ್ಧಿ ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಅವಳ ನಿಜವಾದ ಸಂಕಟ ಮೊದಲಾಗುವುದು ಆಮೇಲೆ. ರೋಗ ವಾಸಿಯಾಗಿದೆ, ರೋಗಿಯೆಂಬ ಹೆಸರು ವಾಸಿಯಾಗಿಲ್ಲ. ಮನಃಶಾಸ್ತ್ರವನ್ನು ಅಭ್ಯಾಸಮಾಡಿದ್ದ, ನಮ್ಮ ಮೈಸೂರಿನವರೇ ಆದ ಈ ಲೇಖಕಿ 1963ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡರು. ಅವರು ಒಬ್ಬ ಕಾವೇರಿಯನ್ನು ನಮ್ಮ ಮುಂದೆ ನಿಲ್ಲಿಸಿದರು; ನಾವು ಕಣ್ಣೊರೆಸಿಕೊಂಡು ಪುಸ್ತಕವನ್ನು ಮುಚ್ಚಿಟ್ಟೆವು.

ಇಂಥ ಕಾವೇರಿಯರು ಈ ಊರಿನಲ್ಲಿ ಎಷ್ಟು ಮಂದಿ? ಯಾವ ಬೀದಿಯಲ್ಲಿ, ಯಾವ ಮನೆಯ ಒಳಕೋಣೆಯಲ್ಲಿ? ಅವರಲ್ಲಿ ವೈದ್ಯನ ಮುಖ ಕಂಡವರೆಷ್ಟು? ಕಾದಂಬರಿಯನ್ನು ಓದಿದ ಬಿಸಿಯಲ್ಲಿ ಹೀಗೆ ಲೆಕ್ಕ ಕೇಳಿದರೆ ಅದು ಹೃದಯಹೀನವೆಂದು ತೋರಬಹುದು. ಆದರೆ ಇದೇ ಪ್ರಶ್ನೆಯನ್ನು ಬಾಳಿನ ಕೆಲಸವಾಗಿ ಹಿಡಿದ ಮನೋವೈದ್ಯರು ಕನ್ನಡನಾಡಿನಲ್ಲಿ ಆಗಿಹೋಗಿದ್ದಾರೆ, ಈಗಲೂ ಇದ್ದಾರೆ. ನಾನು ವೈದ್ಯನಲ್ಲ, ಸಾಹಿತ್ಯದ ಪುಟವನ್ನು ನೋಡಿಕೊಳ್ಳುವವನು. ಆದರೂ ಅವರ ಕೆಲಸ ಈ ಪುಟಕ್ಕೆ ಸಂಬಂಧಪಟ್ಟದ್ದೆಂದು ನನಗೆ ದೃಢವಾಗಿ ತೋರಿರುವುದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ.

ಹುಚ್ಚರನ್ನು ಎಣಿಸುವ ಕೆಲಸ ನಮ್ಮ ದೇಶಕ್ಕೆ ಹೊಸತಲ್ಲ. ಬ್ರಿಟಿಷರ ಕಾಲದ ಜನಗಣತಿಯಲ್ಲಿ ಕುರುಡರು, ಕಿವುಡಮೂಗರು, ಕುಷ್ಠರೋಗಿಗಳು ಎಂಬ ಕಲಮುಗಳ ಜೊತೆಗೆ ಬುದ್ಧಿವಿಕಲರು ಎಂಬುದೂ ಒಂದಿತ್ತು. 1931ರ ಗಣತಿಯವರೆಗೂ ಅದು ನಡೆದುಬಂತು. ಅಂಥ ಲೆಕ್ಕದ ಬೆಲೆ ಎಷ್ಟೆಂಬುದನ್ನು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ. ಗಣತಿಗೆ ಬಂದ ಶಾನುಭೋಗರೋ ಮೇಷ್ಟರೋ ಜಗಲಿಯಲ್ಲಿ ಕುಳಿತು, “ನಿಮ್ಮ ಮನೆಯಲ್ಲಿ ಹುಚ್ಚು ಹಿಡಿದವರು ಯಾರಾದರೂ ಉಂಟೋ?” ಎಂದು ಕೇಳಿದರೆ, ಮದುವೆಗೆ ಬಂದ ಮಗಳನ್ನು ಒಳಗಿಟ್ಟುಕೊಂಡ ಯಾವ ಗೃಹಸ್ಥ ಹೌದೆಂದಾನು? ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂದು ಗಾದೆ ಮಾಡಿ ನಕ್ಕ ಜನ ನಾವು. ಆ ನಗೆಯ ಹಿಂದೆ ಎಷ್ಟು ಮನೆಗಳ ಬಾಯಿ ಮುಚ್ಚಿಕೊಂಡಿತ್ತೆಂಬುದು ಗಾದೆಗೆ ಗೊತ್ತಿಲ್ಲ.

ಆಸ್ಪತ್ರೆಯ ದಾಖಲೆಗಳಿಂದಲೂ ಈ ಲೆಕ್ಕ ದೊರೆಯದು. ಬೆಂಗಳೂರಿನ ಆಸ್ಪತ್ರೆಯ ಚರಿತ್ರೆ 1847ರಷ್ಟು ಹಳೆಯದು. ಮೈಸೂರು ಸಂಸ್ಥಾನವು 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಕೊಟ್ಟಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ಇವೆರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಇದು ಹೆಮ್ಮೆಪಡತಕ್ಕ ಚರಿತ್ರೆಯೇ ಸರಿ. ಆದರೆ ಆಸ್ಪತ್ರೆಯ ಬಾಗಿಲಿಗೆ ಬಂದವರು ಯಾರು? ಮನೆಯವರ ಕೈಮೀರಿದವರು, ಬೀದಿಗೆ ಬಿದ್ದವರು, ಪೊಲೀಸರು ಹಿಡಿದು ತಂದವರು. ಮೂಲೆಯಲ್ಲಿ ಮುಖ ಗೋಡೆಗೆ ತಿರುಗಿಸಿ ಮಲಗಿದವಳು ಯಾರಿಗೂ ತೊಂದರೆ ಕೊಡುವುದಿಲ್ಲವಾದುದರಿಂದ ಅವಳನ್ನು ಯಾರೂ ಕರೆತರುವುದಿಲ್ಲ. ಅವಳ ಲೆಕ್ಕ ಬೇಕಾದರೆ ವೈದ್ಯನೇ ಅವಳ ಹೊಸ್ತಿಲಿಗೆ ಹೋಗಬೇಕು.

ಹಾಗೆ ಹೋದವರ ಕಥೆ 1960ರ ದಶಕದಲ್ಲಿ ಆರಂಭವಾಗುತ್ತದೆ. ಬೆಂಗಳೂರಿನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಡಾ. ಎನ್. ಸಿ. ಸೂರ್ಯ ಮತ್ತು ಅವರ ಸಂಗಡಿಗರು ಪಾಂಡಿಚೇರಿಯಲ್ಲಿ 2731 ಜನರನ್ನು ವಿಚಾರಿಸಿದರು. 1964ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಮನೋರೋಗವುಳ್ಳವರು ಸಾವಿರಕ್ಕೆ 9.5. ನಾಲ್ಕು ವರ್ಷಗಳ ತರುವಾಯ ಡಾ. ಗೋಪಿನಾಥರು ಬೆಂಗಳೂರಿನ ಕಡೆಯ 423 ಜನರಲ್ಲಿ ಕಂಡದ್ದು ಸಾವಿರಕ್ಕೆ 16.5. ಲಖನೌ, ಆಗ್ರಾ, ವೆಲ್ಲೂರು, ಬಂಗಾಳದ ಹಳ್ಳಿಗಳು ಹೀಗೆ ಒಂದೊಂದಾಗಿ ಲೆಕ್ಕಗಳು ಬಂದವು. ಒಂದಕ್ಕೊಂದು ಹೊಂದಿಕೆ ಇಲ್ಲ. ಕೊನೆಗೆ ನಮ್ಮ ಅಂದಿನ ದಕ್ಷಿಣ ಕನ್ನಡದ ಕೋಟದಿಂದ ಬಂದ ಅಂಕಿಯನ್ನು ಕಂಡು ಎಲ್ಲರೂ ಬೆಚ್ಚಬೇಕಾಯಿತು. ಅಲ್ಲಿ 1233 ಜನರನ್ನು ವಿಚಾರಿಸಲಾಗಿ, ಸಾವಿರಕ್ಕೆ 370 ಎಂದು ಬಂದಿತ್ತು!

ಪಾಂಡಿಚೇರಿಯಲ್ಲಿ ಒಂಬತ್ತೂವರೆ, ಕೋಟದಲ್ಲಿ ಮುನ್ನೂರ ಎಪ್ಪತ್ತು. ಕೋಟದ ನೀರಿನಲ್ಲಿ ಏನಾದರೂ ಇತ್ತೇ? ಇಲ್ಲ, ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ಮುಂಚಿನವರು ರೋಗದ ಹೆಸರನ್ನು ಹಿಡಿದು ಹೊರಟವರು. ಆ ಹೆಸರಿಗೆ ತಕ್ಕವನು ಸಿಕ್ಕಿದರೆ ಎಣಿಸುವರು, ಸಿಕ್ಕದಿದ್ದರೆ ಮುಂದಿನ ಮನೆಗೆ ನಡೆಯುವರು. ಕೋಟಕ್ಕೆ ಹೋದವರು ಹೆಸರನ್ನು ಬದಿಗಿಟ್ಟು ಬಾಧೆಯನ್ನು ವಿಚಾರಿಸಿದರು. ನಿದ್ದೆ, ಹಸಿವು, ಭಯ, ಕಾರಣವಿಲ್ಲದ ಮೈನೋವು, ಬದುಕಿನ ಬೇಸರ ಇಂಥವುಗಳಲ್ಲಿ ಒಂದು ಲಕ್ಷಣವಾದರೂ ಉಳ್ಳವರನ್ನು ಲೆಕ್ಕಕ್ಕೆ ತೆಗೆದುಕೊಂಡರು. ಅಂಥವರು ಊರಿನ ಮೂರರಲ್ಲೊಂದು ಪಾಲನ್ನು ಮೀರಿದ್ದರು. ಇವರೆಲ್ಲರೂ ಹುಚ್ಚರೆಂದು ಯಾರೂ ಹೇಳಲಿಲ್ಲ.

ಈ ಕೆಲಸವನ್ನು ಮಾಡಿದವರು ಇಬ್ಬರು ಮನೋವೈದ್ಯರು. ಹಿರಿಯರಾದ ಮಾರಿಸ್ ಕಾರ್‌ಸ್ಟೇರ್ಸ್ 1916ರಲ್ಲಿ ಮಸ್ಸೂರಿಯಲ್ಲಿ ಹುಟ್ಟಿದ ಸ್ಕಾಟ್ಲೆಂಡಿನವರು, ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರು. ರಾಜಸ್ಥಾನದ ಹಳ್ಳಿಯ ಮೇಲ್ಜಾತಿಯ ಹಿಂದುಗಳ ಮನಸ್ಸನ್ನು ಕುರಿತು 1957ರಲ್ಲಿಯೇ ಪುಸ್ತಕ ಬರೆದಿದ್ದವರು. ಕಿರಿಯರು ಡಾ. ರವೀಂದ್ರಲಾಲ್ ಕಪೂರ್, 1938ರಲ್ಲಿ ಹುಟ್ಟಿದವರು. ಎಡಿನ್‌ಬರೋದಲ್ಲಿ ಕಲಿತ ಈ ತರುಣ ವೈದ್ಯರು ಪಡುವಣ ಕರಾವಳಿಯ ಒಂದು ಗ್ರಾಮಕ್ಕೆ ಬಂದು ನಿಂತರು. ಇವರ ಗ್ರಂಥ 1976ರಲ್ಲಿ ಹೊರಬಂತು. ಇಂಗ್ಲಿಷಿನಲ್ಲಿರುವ ಅದರ ಹೆಸರನ್ನು ಕನ್ನಡದಲ್ಲಿ ‘ಕೋಟದ ಮಹಾಜಗತ್ತು’ ಎನ್ನಬಹುದು. ಸಾಲಿಗ್ರಾಮದ ಕಡೆಯವರಿಗೆ ಈ ಮಾತು ಕಿವಿಗೆ ಬಿದ್ದೊಡನೆ ತಮ್ಮ ‘ಕೂಟ ಮಹಾಜಗತ್ತು’ ನೆನಪಾಗದಿರದು.

ಕೋಟವನ್ನೇ ಆರಿಸಿದ್ದರಲ್ಲಿ ಒಂದು ಅರ್ಥವಿತ್ತು. ಬ್ರಾಹ್ಮಣರು, ಬಂಟರು, ಮೊಗವೀರರು, ಈ ಮೂರು ಸಮುದಾಯಗಳು ಒಂದೇ ಊರಿನಲ್ಲಿದ್ದವು. ಬ್ರಾಹ್ಮಣರದು ತಂದೆಯಿಂದ ಮಗನಿಗೆ ಬರುವ ಕಟ್ಟು. ಬಂಟರದೂ ಮೊಗವೀರರದೂ ಅಳಿಯಸಂತಾನ. ಆ ಕಟ್ಟು ಸಡಿಲುತ್ತಿದ್ದ ಕಾಲವದು. ಮಾವನ ಆಸ್ತಿಯನ್ನು ನಂಬಿದ ಅಳಿಯ, ಅಪ್ಪನ ಮನೆಯಲ್ಲಿಯೇ ಉಳಿಯತೊಡಗಿದ ಮಗ, ತವರಿನ ಹಕ್ಕು ಕೈಜಾರುತ್ತಿರುವುದನ್ನು ಕಂಡ ಹೆಂಗಸು ಇವರೆಲ್ಲರ ಒಳಗೆ ಏನು ನಡೆಯುತ್ತಿತ್ತು? ಬಾಳಿನ ಕ್ರಮ ಬದಲಾದಾಗ ಮನಸ್ಸಿನ ಸ್ವಾಸ್ಥ್ಯಕ್ಕೆ ಏನಾಗುತ್ತದೆ? ಇದು ಆ ವೈದ್ಯರ ಪ್ರಶ್ನೆ. ಕೋಟದಲ್ಲಿಯೇ ಹುಟ್ಟಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಮೂರು ತಲೆಮಾರುಗಳ ಮೇಲೆ ಕಾಲ ಹರಿದುಹೋದದ್ದನ್ನು ಕಾರಂತರು ಒಂದು ಬ್ರಾಹ್ಮಣ ಮನೆತನದಲ್ಲಿ ತೋರಿಸಿದ್ದರು. ವೈದ್ಯರು ಬಂಟರ ಮನೆಗೂ ಮೊಗವೀರರ ಕೇರಿಗೂ ಹೋದರು. ಈ ಒಂದು ಅಂಶದಲ್ಲಿ ವಿಜ್ಞಾನ ಸಾಹಿತ್ಯಕ್ಕಿಂತ ಹೆಚ್ಚು ದೂರ ನಡೆಯಿತೆಂದು ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚ ಬೇಡ.

ಸಮೀಕ್ಷೆಯ ಇನ್ನೊಂದು ಭಾಗ ನನಗೆ ಅದಕ್ಕಿಂತಲೂ ಮುಖ್ಯವಾಗಿ ಕಂಡಿದೆ. ಬಾಧೆಯುಳ್ಳವರು ಯಾರ ಹತ್ತಿರ ಹೋಗುತ್ತಾರೆಂದು ಕಪೂರರು ವಿಚಾರಿಸಿದರು. ಊರಿನಲ್ಲಿ ನಾಟಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ದೈವ ಮೈಮೇಲೆ ಬಂದು ನುಡಿಯುವ ಪಾತ್ರಿಗಳಿದ್ದರು. ಇಂಗ್ಲಿಷ್ ಔಷಧದ ಡಾಕ್ಟರರೂ ಇದ್ದರು. ಜನ ಇವರಲ್ಲಿ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ. ಡಾಕ್ಟರರ ಗುಳಿಗೆಯನ್ನು ನುಂಗಿ ಪಾತ್ರಿಯ ನುಡಿಯನ್ನೂ ಕೇಳಿ ಬರುವವರೇ ಹೆಚ್ಚು. ಪಟ್ಟಣದ ವಿದ್ಯಾವಂತರಾದ ನಾವು ಇದನ್ನು ಮೌಢ್ಯವೆಂದು ತಳ್ಳಿಬಿಡುತ್ತೇವೆ. ಕಪೂರರು ತಳ್ಳಲಿಲ್ಲ, ಹಳ್ಳಿಗೆ ಮನೋವೈದ್ಯವನ್ನು ಕೊಂಡೊಯ್ಯಬೇಕಾದರೆ ಅಲ್ಲಿ ಈಗಾಗಲೇ ಯಾರು ಯಾವ ಕೆಲಸ ಮಾಡುತ್ತಿದ್ದಾರೆಂದು ತಿಳಿಯಬೇಡವೇ ಎಂಬುದು ಅವರ ನಿಲುವು. 1975ರಲ್ಲಿಯೇ ಅವರು ಇದನ್ನು ಬರೆದಿಟ್ಟರು.

ಇನ್ನು ಭಾಷೆಯ ವಿಷಯ. ವಿದೇಶದಲ್ಲಿ ಸಿದ್ಧವಾದ ಪ್ರಶ್ನಾವಳಿಯನ್ನು ಹಿಡಿದು ಕೋಟಕ್ಕೆ ಹೋದರೆ ನಡೆಯದೆಂದು ಕಂಡು, ರವೀಂದ್ರಲಾಲ್ ಕಪೂರ್, ಮನಃಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಇವರು ಭಾರತದ ಜನಕ್ಕೆ ಹೊಂದುವಂಥ ಒಂದು ಪ್ರಶ್ನಾವಳಿಯನ್ನು ರಚಿಸಿ 1974ರಲ್ಲಿ ಪ್ರಕಟಿಸಿದರು. ಹೊರಗಿನವರಿಗೆ ಇದು ಚಿಕ್ಕ ಸಂಗತಿಯೆನಿಸೀತು. ಆದರೆ ‘ಖಿನ್ನತೆ’ ಎಂಬ ನಮ್ಮ ಪಠ್ಯಪುಸ್ತಕದ ಶಬ್ದವನ್ನು ಯಾವ ತಾಯಿ ತನ್ನ ಬಾಯಿಯಿಂದ ಆಡಿದ್ದಾಳೆ? ಅವಳು ಎದೆ ಧಸಕ್ಕೆನ್ನುತ್ತದೆ ಎನ್ನುತ್ತಾಳೆ, ಊಟ ಸೇರುವುದಿಲ್ಲ ಎನ್ನುತ್ತಾಳೆ, ತಲೆಯೊಳಗೆ ಹುಳ ಹರಿದ ಹಾಗೆ ಎನ್ನುತ್ತಾಳೆ. ಕರಾವಳಿಯಲ್ಲಿ ಮಂಡೆಬಿಸಿ ಎಂಬ ಒಂದೇ ಮಾತು ಸಾಲದವನ ಕಾಟದಿಂದ ಹಿಡಿದು ಜೀವ ಕಳೆದುಕೊಳ್ಳುವ ಯೋಚನೆಯವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಎಲ್ಲಿ ಅದು ಬರಿಯ ಗೊಣಗಾಟ, ಎಲ್ಲಿ ಅದು ಅಪಾಯ ಎಂಬುದನ್ನು ತಿಳಿಯಬೇಕಾದರೆ ಆ ಮಾತನ್ನು ಆಡುವವರ ನಡುವೆ ಕುಳಿತು ಕೇಳಬೇಕು. ಕನ್ನಡ ಮನೆಮಾತಲ್ಲದ ವೈದ್ಯರೊಬ್ಬರು ಈ ಕಷ್ಟವನ್ನು ಕಂಡುಕೊಂಡರು. ಕನ್ನಡವನ್ನೇ ವೃತ್ತಿಯಾಗಿ ಉಳ್ಳ ನಾವು ಅದರ ಕಡೆಗೆ ಇನ್ನೂ ತಿರುಗಿ ನೋಡಿಲ್ಲ.

ನಮ್ಮ ಬೀದಿಯ ಒಂದು ಮಾತನ್ನು ಇಲ್ಲಿ ಹೇಳಬೇಕು. ನಾನು ವಾಸವಾಗಿರುವುದು ಗೋಕುಲಂನಲ್ಲಿ. ಪಟ್ಟಾಭಿ ಜೋಯಿಸರ ಯೋಗಶಾಲೆ ಈ ಶತಮಾನದ ಆರಂಭದಲ್ಲಿ ಲಕ್ಷ್ಮೀಪುರದಿಂದ ಇಲ್ಲಿಗೆ ಬಂದಂದಿನಿಂದ, ಬೆಳಕು ಹರಿಯುವ ಮೊದಲೇ ದೇಶದೇಶಗಳ ತರುಣ ತರುಣಿಯರು ಬಗಲಲ್ಲಿ ಚಾಪೆಯ ಸುರುಳಿ ಹಿಡಿದು ನಡೆಯುವುದನ್ನು ನೋಡುತ್ತ ಬಂದಿದ್ದೇವೆ. ಮನಸ್ಸಿನ ನೆಮ್ಮದಿಗಾಗಿ ಸಮುದ್ರ ದಾಟಿ ಬಂದವರು ಅವರು. ಅವರು ನಡೆಯುವ ಬೀದಿಯ ಎರಡು ಬದಿಗೂ ಇರುವ ಮನೆಗಳಲ್ಲಿ, ಮಕ್ಕಳು ಅದೇ ಸಮುದ್ರವನ್ನು ಆ ಕಡೆಗೆ ದಾಟಿಹೋದ ವೃದ್ಧ ದಂಪತಿಗಳು ಇದ್ದಾರೆ. ಕೆಲವೆಡೆ ದಂಪತಿಗಳಲ್ಲಿ ಒಬ್ಬರೇ ಉಳಿದಿದ್ದಾರೆ. ನೆರೆಯ ವೃದ್ಧೆಯೊಬ್ಬರನ್ನು “ಹೇಗಿದ್ದೀರಮ್ಮ?” ಎಂದು ಕೇಳಿದರೆ, “ಏನೋ ದೇವರು ಇಟ್ಟ ಹಾಗಿದ್ದೀನಪ್ಪ. ಹಗಲು ಹೇಗೋ ಕಳೆಯುತ್ತೆ, ರಾತ್ರಿ ಮಾತ್ರ ಬಲು ಉದ್ದ” ಎನ್ನುತ್ತಾರೆ. ಈ ‘ರಾತ್ರಿ ಬಲು ಉದ್ದ’ ಎಂಬುದು ಯಾವ ಪ್ರಶ್ನಾವಳಿಯ ಯಾವ ಕಲಮಿಗೆ ಸೇರತಕ್ಕದ್ದು? ಒಂಟಿತನವೇ, ನಿದ್ರಾಹೀನತೆಯೇ, ರೋಗವೇ, ಅಥವಾ ಎಂಬತ್ತು ವರ್ಷ ಬಾಳಿದ ಜೀವದ ಸಹಜವಾದ ನಿಟ್ಟುಸಿರೇ?

ಮೈಸೂರಿನ ಮುದುಕರ ಮನಸ್ಸನ್ನು ಕುರಿತು ಒಂದು ಅಪೂರ್ವವಾದ ಶೋಧ ನಡೆದಿರುವುದನ್ನು ನಮ್ಮ ಊರಿನವರಲ್ಲಿಯೇ ಹಲವರು ಅರಿಯರು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆಯೆನ್ನುವುದು ಅದನ್ನೇ, 1934ರಿಂದ ಹುಟ್ಟಿದ ಒಂದೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆಯಲ್ಲಿ ಬರೆದಿಟ್ಟಿದ್ದರು. ಆ ಹಳೆಯ ದಾಖಲೆಗಳು ಅದೃಷ್ಟವಶಾತ್ ಉಳಿದುಕೊಂಡವು. 1990ರ ದಶಕದಲ್ಲಿ ಸಂಶೋಧಕರು ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೂ ಹೋಗಿ, ಅಲ್ಲಿ ಹುಟ್ಟಿದವರನ್ನು ಹುಡುಕಿ, ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸಿದರು. ಮುಂದೆ ಡಾ. ಮುರಳಿ ಕೃಷ್ಣ ಎಂಬ ಮನೋವೈದ್ಯರು ಅದೇ ಜನರಲ್ಲಿ ಏಳುನೂರಕ್ಕೂ ಹೆಚ್ಚು ಮಂದಿಯನ್ನು ಮುಪ್ಪಿನ ಹೊಸ್ತಿಲಲ್ಲಿ ಮತ್ತೆ ಕಂಡು ಅವರ ನೆನಪಿನ ಶಕ್ತಿಯನ್ನೂ ಮನಸ್ಸಿನ ಆರೋಗ್ಯವನ್ನೂ ವಿಚಾರಿಸತೊಡಗಿದರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಈ ಅಧ್ಯಯನಕ್ಕೆ ‘ಮೈನಾ’ ಎಂದು ಹೆಸರಿಟ್ಟಿದ್ದಾರೆ. ಅಂಕಿಅಂಶದವರಿಗೂ ಒಮ್ಮೊಮ್ಮೆ ಹಕ್ಕಿಯ ನೆನಪು ಬರುತ್ತದೆಂದು ತಿಳಿದು ನನಗೆ ಸಂತೋಷವಾಯಿತು. ತೊಟ್ಟಿಲಲ್ಲಿದ್ದಾಗ ಬರೆದಿಟ್ಟ ಒಂದು ಅಂಕಿ ಎಂಬತ್ತರಲ್ಲಿ ಮರೆಗುಳಿತನದ ಬಗ್ಗೆ ಏನಾದರೂ ಹೇಳಬಲ್ಲುದೇ ಎಂದು ಕೇಳುವ ಸೌಕರ್ಯ ಲೋಕದಲ್ಲಿ ಬಹಳ ಊರುಗಳಿಗಿಲ್ಲ.

ನಮ್ಮ ಬಡಾವಣೆಗೆ ಅಂಟಿಕೊಂಡೇ ಇರುವ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ ಬಾಳಿದ ಕುವೆಂಪು ಅವರು ಬೆಳೆದ ನಾಡು ತೀರ್ಥಹಳ್ಳಿ. ಆ ತಾಲೂಕಿನಲ್ಲಿ 2005ರಿಂದ ಇಂಥದೇ ಇನ್ನೊಂದು ಕೆಲಸ ನಡೆದಿದೆ. ಡಾ. ಜಗದೀಶ ತೀರ್ಥಹಳ್ಳಿ ಮತ್ತು ಅವರ ನಿಮ್ಹಾನ್ಸಿನ ಸಹೋದ್ಯೋಗಿಗಳು ಮಲೆನಾಡಿನ ಆ ಚದುರಿದ ಒಂಟಿಮನೆಗಳಲ್ಲಿ ಸ್ಕಿಝೋಫ್ರೀನಿಯಾ ಎಂಬ ಕಠಿಣ ಮನೋರೋಗವುಳ್ಳವರನ್ನು ಹುಡುಕಿ, ಚಿಕಿತ್ಸೆ ದೊರಕಿಸಿ, ವರ್ಷಗಟ್ಟಲೆ ಅವರ ಯೋಗಕ್ಷೇಮವನ್ನು ನೋಡುತ್ತ ಬಂದರು. ಚಿಕಿತ್ಸೆ ಪಡೆದವರು ಮನೆಗೆಲಸಕ್ಕೆ, ಗದ್ದೆತೋಟದ ಕೆಲಸಕ್ಕೆ, ನಾಲ್ಕು ಜನರೊಡನೆ ಮಾತಿಗೆ ಮರಳುವ ಶಕ್ತಿಯನ್ನು ಬಹಳಮಟ್ಟಿಗೆ ಪಡೆಯುತ್ತಾರೆಂಬುದು ಅಲ್ಲಿ ಸಿದ್ಧಪಟ್ಟಿತು. ಇಂಥ ಎಣಿಕೆಯಲ್ಲಿ ಸಂಖ್ಯೆಯನ್ನು ಬರೆದುಕೊಂಡ ಕೈಯೇ ಔಷಧವನ್ನೂ ಕೊಟ್ಟಿತೆಂಬುದು ಗಮನಿಸತಕ್ಕ ಅಂಶ.

ಕಪೂರರೂ ಗ್ರಂಥ ಬರೆದು ಸುಮ್ಮನಾಗಲಿಲ್ಲ. ನಿಮ್ಹಾನ್ಸಿಗೆ ಬಂದು ಸಮುದಾಯ ಮನೋವೈದ್ಯದ ಕೆಲಸವನ್ನು ಕಟ್ಟಿದರು. ಬೆಂಗಳೂರಿನ ಹೊರವಲಯದ ಸಕಲವಾರದ ಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೂ ಕಾರ್ಯಕರ್ತರೂ ಮನೋರೋಗವನ್ನು ಗುರುತಿಸಬಲ್ಲರು ಎಂಬುದು ತೋರಿಬಂತು. ಅದರ ಬೆನ್ನಿಗೇ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, 1985ರಿಂದ ಬಳ್ಳಾರಿ ಜಿಲ್ಲೆಯ ಪ್ರಯೋಗ, 1996ರಲ್ಲಿ ಜಿಲ್ಲಾ ಕಾರ್ಯಕ್ರಮ ಬಂದವು. ಅಷ್ಟು ಹೊತ್ತಿಗೆ ಕಪೂರರ ಮನಸ್ಸು ಬೇರೆ ದಾರಿ ಹಿಡಿದಿತ್ತು. ಹಿಮಾಲಯದ ಸಂನ್ಯಾಸಿಗಳನ್ನು ಹುಡುಕಿಕೊಂಡು ಹೋಗಿ, ಎಲ್ಲವನ್ನೂ ಬಿಟ್ಟವರ ಮನಸ್ಸು ಹೇಗೆ ನೆಲೆನಿಲ್ಲುತ್ತದೆಂದು ಕೇಳತೊಡಗಿದರು. 2006ರಲ್ಲಿ ಅವರು ತೀರಿಕೊಂಡರು. ಆ ಪುಸ್ತಕ ಹೊರಬಂದದ್ದು 2009ರಲ್ಲಿ. ಸಾವಿರಾರು ಜನರ ಸಂಕಟವನ್ನು ಎಣಿಸಿದವನು ಕೊನೆಗೆ ಸಂಕಟವಿಲ್ಲದವನನ್ನು ಹುಡುಕಿ ಹೊರಟದ್ದು ಆಶ್ಚರ್ಯವೇನಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ದುಃಖವೆಂಬುದು ಬಾಳಿನ ಧರ್ಮ. ಅದನ್ನು ರೋಗವೆಂದು ಕರೆದು ಸಂಖ್ಯೆಯಲ್ಲಿ ಹಿಡಿಯಹೊರಟರೆ ಮನುಷ್ಯನನ್ನು ಕುಗ್ಗಿಸಿದಂತೆ ಎಂದು ನಮ್ಮ ಸಾಹಿತ್ಯದ ಮಿತ್ರರು ಹೇಳುವುದುಂಟು. ಈ ಮಾತಿನಲ್ಲಿ ಹುರುಳಿದೆ. ಕೋಟದ 370ನ್ನು ಕಂಡು, ನಾಡಿನ ಮೂರರಲ್ಲೊಂದು ಪಾಲು ಜನಕ್ಕೆ ಗುಳಿಗೆ ಹಂಚಬೇಕೆಂದು ಯಾರಾದರೂ ಹೊರಟರೆ ಅದು ಅವಿವೇಕವೇ. ಎಣಿಕೆಯ ವೈದ್ಯರೂ ಇದನ್ನು ಅರಿಯದವರಲ್ಲ. ಡಾ. ವೆಂಕಟಸ್ವಾಮಿ ರೆಡ್ಡಿಯವರೂ, ಕನ್ನಡದಲ್ಲಿ ಮನಸ್ಸಿನ ಆರೋಗ್ಯವನ್ನು ಕುರಿತು ಎಡೆಬಿಡದೆ ಬರೆಯುತ್ತ ಬಂದ ಡಾ. ಸಿ. ಆರ್. ಚಂದ್ರಶೇಖರ್ ಅವರೂ 1998ರಲ್ಲಿ, ದೇಶದ 13 ಸಮೀಕ್ಷೆಗಳ 33,572 ಜನರ ಲೆಕ್ಕವನ್ನು ಒಟ್ಟುಗೂಡಿಸಿ ಸಾವಿರಕ್ಕೆ 58.2 ಎಂಬ ಅಂಕಿಗೆ ಬಂದರು. ಹೀಗೆ ಒಂದು ಲೆಕ್ಕವನ್ನು ಇನ್ನೊಂದರಿಂದ ತಿದ್ದುತ್ತ ಹೋಗುವುದೇ ಆ ಶಾಸ್ತ್ರದ ನಡೆ. ಆದರೆ ದುಃಖ ಬಾಳಿನ ಧರ್ಮವೆಂದು ಹೇಳಿ ಕೈಕಟ್ಟಿ ಕೂರುವ ನಾವು ಒಂದನ್ನು ಮರೆಯುತ್ತೇವೆ. ಕಾವೇರಿಯ ಕಾಯಿಲೆ ಬಾಳಿನ ಧರ್ಮವಾಗಿರಲಿಲ್ಲ, ಅದಕ್ಕೆ ಚಿಕಿತ್ಸೆಯಿತ್ತು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಇದನ್ನು ಇನ್ನೂ ಕಠೋರವಾಗಿ ಹೇಳಿದೆ. ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮನೋರೋಗವಿತ್ತು. ಚಿಕಿತ್ಸೆ ಬೇಕಾಗಿಯೂ ದೊರೆಯದೆ ಉಳಿದವರು, ರೋಗವನ್ನು ಅನುಸರಿಸಿ, ನೂರಕ್ಕೆ 70ರಿಂದ 92ರವರೆಗೆ. ಆ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ಸಮೀಕ್ಷೆಯ ಮನೆಯೇ ಇರುವ ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಪೂರ್ವಭಾವಿ ಪ್ರಯೋಗವೊಂದು ನಡೆದದ್ದಷ್ಟೇ ನಮ್ಮ ಪಾಲು. ದೀಪದ ಬುಡದ ಕತ್ತಲೆಯೆಂದರೆ ಇದೇ.

ಮುಂದಿನ ಸಮೀಕ್ಷೆಗಳಲ್ಲಿ ಕಲಬುರಗಿಯ ಹೊಲದಲ್ಲಿ, ಚಾಮರಾಜನಗರದ ಹಾಡಿಯಲ್ಲಿ, ಕಾಸರಗೋಡಿನ ಕನ್ನಡದ ಮನೆಯಲ್ಲಿ ಪ್ರಶ್ನೆ ಕೇಳುವವರ ಕೈಯಲ್ಲಿ ಯಾವ ಕನ್ನಡ ಇರತಕ್ಕದ್ದು? ಇಂಗ್ಲಿಷಿನಿಂದ ಇಳಿಸಿದ ಪ್ರಶ್ನೆಗೆ ಜನ ಮರ್ಯಾದೆಗಾಗಿ ‘ಇಲ್ಲ’ ಎಂದು ತಲೆಯಾಡಿಸುತ್ತಾರೆ. ಆ ‘ಇಲ್ಲ’ ಆರೋಗ್ಯವೆಂದು ಲೆಕ್ಕಕ್ಕೆ ಹತ್ತುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳು ಗಾದೆಗಳನ್ನು ಸಂಗ್ರಹಿಸಿವೆ, ಒಗಟುಗಳನ್ನು ಸಂಗ್ರಹಿಸಿವೆ, ಕೃಷಿಯ ಪದಗಳನ್ನೂ ಕುಂಬಾರಿಕೆಯ ಪದಗಳನ್ನೂ ಸಂಗ್ರಹಿಸಿವೆ. ಸಂಕಟದ ಪದಗಳ ಕೋಶ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೇಸಗೆಯ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಈ ಕೆಲಸವನ್ನು ವಹಿಸಬಹುದು. ಅಜ್ಜಿಯೋ ಚಿಕ್ಕಮ್ಮನೋ ಸೋದರಮಾವನೋ ಮನಸ್ಸು ನೆಟ್ಟಗಿಲ್ಲದ ದಿನ ಅದನ್ನು ಯಾವ ಮಾತಿನಲ್ಲಿ ಹೇಳುತ್ತಾರೆಂದು ಕೇಳಿ, ಅವರು ಹೇಳಿದಂತೆಯೇ, ಒಂದಕ್ಷರವನ್ನೂ ತಿದ್ದದೆ ಬರೆದುಕೊಳ್ಳಬೇಕು. ಊರು, ತಾಲೂಕು, ಹೇಳಿದವರ ವಯಸ್ಸು ಇಷ್ಟನ್ನು ಪಕ್ಕದಲ್ಲಿ ಗುರುತುಹಾಕಬೇಕು. ಹೆಸರು ಮಾತ್ರ ಬೇಡ.